ಯಾರ ಮಿದುಳಿಗೆ ಯಾರ ಅಳತೆ?

ದಾವಣಗೆರೆಯಿಂದ ಚಿತ್ರದುರ್ಗದ ಕಡೆ ಹೊರಟವರಿಗೆ ಹೆದ್ದಾರಿಯಲ್ಲೇ ಎದುರಾಗುವ ಊರು ಆನಗೋಡು. ಆ ರಸ್ತೆಯಲ್ಲಿ ಬೈಕಿನಿಂದ ಬಿದ್ದು ತಲೆಗೆ ಪೆಟ್ಟಾದವರನ್ನು ದಾವಣಗೆರೆಯ ಚಿಗಟೇರಿ ಜಿಲ್ಲಾ ಆಸ್ಪತ್ರೆಗೋ ಬಾಪೂಜಿ ಆಸ್ಪತ್ರೆಗೋ ಮುಟ್ಟಿಸುತ್ತಾರೆ. ಮೊದಲು ಆಗುವ ಕೆಲಸಗಳಲ್ಲಿ ಸಿ.ಟಿ. ಸ್ಕ್ಯಾನ್ ಒಂದು. ಬುರುಡೆ ಬಿರುಕು ಬಿಟ್ಟಿದೆಯೇ, ಒಳಗೆ ರಕ್ತ ಹೆಪ್ಪುಗಟ್ಟಿದೆಯೇ ಎಂಬುದು ಸ್ವಲ್ಪ ಹೊತ್ತಿಗೆಲ್ಲ ತಿಳಿಯುತ್ತದೆ. ಹೊರಗೆ ಬೆಂಚಿನ ಮೇಲೆ ಕುಳಿತ ಮನೆಯವರು ಒಬ್ಬರಿಗೊಬ್ಬರು ಧೈರ್ಯ ಹೇಳಿಕೊಳ್ಳುತ್ತಾರೆ: ‘ಸ್ಕ್ಯಾನಿಂಗ್ ಆದ್ರ ಎಲ್ಲಾ ಗೊತ್ತಾಗ್ತತಿ.’

ಪೆಟ್ಟಿನ ಮಟ್ಟಿಗೆ ಆ ಮಾತು ಬಹುಪಾಲು ನಿಜ. ಆದರೆ ಯೋಚನೆ, ನೆನಪು, ಭಯ, ನೆಮ್ಮದಿ? ಅವು ಬಿರುಕಿನಂತೆ ಚಿತ್ರಕ್ಕೆ ಸಿಕ್ಕುವ ವಸ್ತುಗಳಲ್ಲ.

ಕೆಲಸದಲ್ಲಿ ತೊಡಗಿರುವ ಮಿದುಳನ್ನು ನೋಡಲು ವಿಜ್ಞಾನಿಗಳು ಹೆಚ್ಚಾಗಿ ನೆಚ್ಚಿಕೊಂಡಿರುವುದು ಎಫ್‌ಎಂಆರ್‌ಐ ವಿಧಾನವನ್ನು. ಇದರ ಮೂಲತತ್ವವನ್ನು 1990ರಲ್ಲಿ ತೋರಿಸಿಕೊಟ್ಟವರು ಜಪಾನಿನ ಸೇಜಿ ಒಗಾವಾ. ದೇಹದ ತೂಕದಲ್ಲಿ ಮಿದುಳಿನ ಪಾಲು ಶೇ. 2ರಷ್ಟಾದರೂ ಶಕ್ತಿಯಲ್ಲಿ ಅದು ಶೇ. 20ರಷ್ಟನ್ನು ಬಳಸುತ್ತದೆ. ಒಂದು ಭಾಗ ಚುರುಕಾದರೆ ಅಲ್ಲಿಗೆ ಆಮ್ಲಜನಕ ಹೊತ್ತ ರಕ್ತ ಹೆಚ್ಚು ಹರಿಯುತ್ತದೆ. ಆಮ್ಲಜನಕ ಇರುವ ರಕ್ತಕ್ಕೂ ಕಳೆದುಕೊಂಡ ರಕ್ತಕ್ಕೂ ಕಾಂತಗುಣದಲ್ಲಿ ಸಣ್ಣ ವ್ಯತ್ಯಾಸವಿದೆ. ಯಂತ್ರ ಹಿಡಿಯುವುದು ಅದನ್ನೇ. ಭದ್ರಾ ನಾಲೆಯ ನೀರು ಯಾವ ಗದ್ದೆಗೆ ತಿರುಗಿತು ಎಂದು ನೋಡಿ, ಅಲ್ಲಿ ನಾಟಿ ಶುರುವಾಗಿರಬೇಕು ಎಂದು ಊಹಿಸಿದ ಹಾಗೆ. ನೀರು ತಡವಾಗಿ ತಲುಪುವುದೂ ಉಂಟು: ನರಕೋಶ ಕೆಲಸ ಮಾಡಿ ಐದಾರು ಸೆಕೆಂಡು ಕಳೆದ ಮೇಲೆ ರಕ್ತದ ಹರಿವು ಏರುತುದಿ ಮುಟ್ಟುತ್ತದೆ. ಪತ್ರಿಕೆಗಳಲ್ಲಿ ಕೆಂಪು, ಹಳದಿಯಾಗಿ ಹೊಳೆಯುವ ಮಿದುಳು ಫೋಟೊ ಅಲ್ಲ. ಎರಡು ಸ್ಥಿತಿಗಳ ನಡುವಿನ ವ್ಯತ್ಯಾಸವನ್ನು ಲೆಕ್ಕ ಹಾಕಿ ಬಣ್ಣ ಬಳಿದ ನಕ್ಷೆ. ಆದ್ದರಿಂದ ಯಾವುದರ ಜೊತೆ ಯಾವುದನ್ನು ಹೋಲಿಸಿದರು ಎಂಬುದರ ಮೇಲೆ ಎಲ್ಲವೂ ನಿಂತಿದೆ.

ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ನಡೆದು 2011ರಲ್ಲಿ ಪ್ರಕಟವಾದ ಒಂದು ಪುಟ್ಟ ಅಧ್ಯಯನ ಇದಕ್ಕೆ ಒಳ್ಳೆಯ ಉದಾಹರಣೆ. ಬಿ.ಜಿ. ಕಲ್ಯಾಣಿ, ಜಿ. ವೆಂಕಟಸುಬ್ರಮಣಿಯನ್, ಬಿ.ಎನ್. ಗಂಗಾಧರ್ ಮತ್ತು ಸಂಗಡಿಗರು 12 ಆರೋಗ್ಯವಂತರನ್ನು ಯಂತ್ರದೊಳಗೆ ಮಲಗಿಸಿ ‘ಓಂ’ಕಾರ ಹೇಳಿಸಿದರು. ಜಾಣತನವಿದ್ದದ್ದು ಅದರ ಜೊತೆಗಿಟ್ಟ ಇನ್ನೊಂದು ಕೆಲಸದಲ್ಲಿ. ಅದೇ ಜನರಿಂದ ‘ಸ್‌ಸ್‌ಸ್’ ಎಂದೂ ಹೇಳಿಸಿದರು. ಎರಡರಲ್ಲೂ ಉಸಿರನ್ನು ನಿಧಾನವಾಗಿ ಹೊರಬಿಡಬೇಕು. ಆದರೆ ಕಿವಿಯ ಸುತ್ತ ಕಂಪನದ ಅನುಭವ ಬರುವುದು ಓಂಕಾರದಲ್ಲಿ. ಭಾವನೆಗಳಿಗೆ ಸಂಬಂಧಿಸಿದ ಅಮಿಗ್ಡಲ, ಹಿಪ್ಪೊಕ್ಯಾಂಪಸ್ ಮುಂತಾದ ಭಾಗಗಳು ಓಂಕಾರದ ವೇಳೆ ತಣ್ಣಗಾದದ್ದು ಕಂಡಿತು. ‘ಸ್‌ಸ್‌ಸ್’ ಎಂದಾಗ ಹಾಗಾಗಲಿಲ್ಲ. ಕಿವಿಯ ಬಳಿ ಕವಲೊಡೆಯುವ ವೇಗಸ್ ನರ ಕಂಪನದಿಂದ ಪ್ರಚೋದನೆಗೊಂಡಿರಬಹುದು ಎಂಬುದು ಸಂಶೋಧಕರ ಊಹೆ. ‘ಓಂಕಾರದಿಂದ ಮನಶ್ಶಾಂತಿ: ವಿಜ್ಞಾನದ ಮುದ್ರೆ’ ಎಂದು ವಾಟ್ಸಾಪಿನಲ್ಲಿ ಹಂಚುವವರಿಗೆ ಇಷ್ಟೇ ಸಾಕು. ಬರೆದವರು ಮಾತ್ರ ಇದನ್ನು ಪ್ರಾಥಮಿಕ ಅಧ್ಯಯನ ಎಂದೇ ಕರೆದರು. ಹನ್ನೆರಡು ಜನರಿಂದ ಅದಕ್ಕಿಂತ ಹೆಚ್ಚು ಹೇಳಿಸಲೂ ಆಗದು.

ಲೆಕ್ಕದಲ್ಲಿ ಎಚ್ಚರ ತಪ್ಪಿದರೆ ಏನಾಗುತ್ತದೆ ಎಂದು ಅಮೆರಿಕದ ಕ್ರೇಗ್ ಬೆನೆಟ್ ಮತ್ತು ಗೆಳೆಯರು 2009ರಲ್ಲಿ ತೋರಿಸಿದರು. ಸತ್ತ ಸಾಲ್ಮನ್ ಮೀನೊಂದನ್ನು ಸ್ಕ್ಯಾನರಿನಲ್ಲಿಟ್ಟು, ಅದಕ್ಕೆ ಮನುಷ್ಯರ ಚಿತ್ರ ತೋರಿಸಿ, ಇವರ ಮನಸ್ಸಿನಲ್ಲೇನಿದೆ ಎಂದು ಕೇಳಿದರು. ಸಾವಿರಾರು ಬಿಂದುಗಳನ್ನು ಒಟ್ಟಿಗೆ ಪರೀಕ್ಷಿಸುವಾಗ ಮಾಡಲೇಬೇಕಾದ ತಿದ್ದುಪಡಿಯನ್ನು ಬಿಟ್ಟರೆ, ಮೀನಿನ ಮಿದುಳಿನಲ್ಲೂ ಚಟುವಟಿಕೆ ‘ಕಂಡಿತು’! ತಮಾಷೆಯ ಇಗ್ ನೊಬೆಲ್ 2012ರಲ್ಲಿ ಅವರಿಗೆ ಸಂದಿತು.

ಮೀನಿನ ಕಥೆಗೆ ನಗಬಹುದು. ಆರೋಪಿಯ ತಲೆಗೆ ವಿದ್ಯುದ್ವಾರ ಅಂಟಿಸಿ, ಅಪರಾಧದ ನೆನಪು ಒಳಗಿದೆ ಎಂದು ಪೊಲೀಸರು ಹೇಳಿದಾಗ ನಗು ಬರುವುದಿಲ್ಲ. ಮಂಪರು ಪರೀಕ್ಷೆಯ ಜೊತೆಗೆ ‘ಬ್ರೈನ್ ಮ್ಯಾಪಿಂಗ್’ ಎಂಬ ಹೆಸರೂ ಕನ್ನಡದ ಟಿ.ವಿ. ಸುದ್ದಿಯಲ್ಲಿ ಓಡಾಡಿದ ಕಾಲವೊಂದಿತ್ತು. ಅದು ಸ್ಕ್ಯಾನ್ ಅಲ್ಲ, ಮಿದುಳಿನ ವಿದ್ಯುತ್ ಅಲೆಗಳ ದಾಖಲೆ. 2010ರ ಮೇ 5ರಂದು ‘ಸೆಲ್ವಿ ವಿರುದ್ಧ ಕರ್ನಾಟಕ ರಾಜ್ಯ’ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ಮಂಪರು ಪರೀಕ್ಷೆ, ಸುಳ್ಳುಪತ್ತೆ ಪರೀಕ್ಷೆ, ಬ್ರೈನ್ ಮ್ಯಾಪಿಂಗ್ ಯಾವುದನ್ನೂ ಒಪ್ಪಿಗೆಯಿಲ್ಲದೆ ಯಾರ ಮೇಲೂ ಮಾಡಕೂಡದು ಎಂದಿತು. ತನ್ನ ವಿರುದ್ಧ ತಾನೇ ಸಾಕ್ಷಿಯಾಗುವಂತೆ ಬಲವಂತ ಮಾಡಬಾರದೆಂಬ ಸಂವಿಧಾನದ 20(3)ನೇ ವಿಧಿ ತಲೆಯ ಒಳಗಿಗೂ ಅನ್ವಯವಾಯಿತು.

ಸ್ಕ್ಯಾನಿನ ಲೆಕ್ಕದಲ್ಲಿ ಇನ್ನೊಂದು ಹೋಲಿಕೆಯೂ ಇದೆ. ಅದರ ಬಗ್ಗೆ ಸುದ್ದಿ ಕಡಿಮೆ. ಮನುಷ್ಯರ ಮಿದುಳುಗಳು ಗಾತ್ರ, ಆಕಾರದಲ್ಲಿ ಒಂದೇ ಥರ ಇರುವುದಿಲ್ಲ. ಅಧ್ಯಯನದ ಎಲ್ಲರ ಚಿತ್ರಗಳನ್ನೂ ಒಂದು ಮಾದರಿ ಮಿದುಳಿಗೆ ಹೊಂದಿಸಿಕೊಂಡ ಮೇಲೆಯೇ ಲೆಕ್ಕ. ಆ ಮಾದರಿ ಯಾರದು? ಬಹುಕಾಲ ಬಳಕೆಯಲ್ಲಿದ್ದ ತಲೈರಾಕ್ ನಕ್ಷೆಗೆ ಆಧಾರ, ತೀರಿಕೊಂಡಿದ್ದ 60 ವರ್ಷದ ಒಬ್ಬ ಫ್ರೆಂಚ್ ಹೆಂಗಸಿನ ಮಿದುಳು. ನಂತರ ಎಲ್ಲೆಡೆ ಹಬ್ಬಿದ್ದು ಕೆನಡಾದ ಮಾಂಟ್ರಿಯಲ್‌ನಲ್ಲಿ 152 ಜನರ ಚಿತ್ರಗಳ ಸರಾಸರಿಯಿಂದ ಮಾಡಿದ ಮಾದರಿ. ಆನಗೋಡಿನ ರೈತರೊಬ್ಬರ ಮಿದುಳನ್ನು ಆ ಅಳತೆಗೆ ಹಿಗ್ಗಿಸಿ ಕುಗ್ಗಿಸಿ ಕೂರಿಸುವಾಗ ಸಣ್ಣಪುಟ್ಟ ತಪ್ಪು ನುಸುಳುತ್ತದೆ. ನಿಮ್ಹಾನ್ಸ್‌ನ ಭರತ್ ಹೊಳ್ಳ ಮತ್ತು ಸಂಗಡಿಗರು 2020ರಲ್ಲಿ 6ರಿಂದ 60 ವರ್ಷದವರೆಗಿನ ಭಾರತೀಯರಿಗಾಗಿ ವಯಸ್ಸಿಗೆ ತಕ್ಕ ಐದು ಮಾದರಿಗಳನ್ನು ಪ್ರಕಟಿಸಿದರು. ಬಣ್ಣದ ನಕ್ಷೆಯಷ್ಟು ಆಕರ್ಷಕವಲ್ಲದ ಈ ಕೆಲಸವೇ ಹೆಚ್ಚು ಬಾಳಿಕೆಯದು ಎನಿಸುತ್ತದೆ.

ಅರವತ್ತರ ಆಚೆಗೆ ಏನು? ಮರೆವಿನ ಕಾಯಿಲೆ ಕಾಡುವುದೇ ಆ ವಯಸ್ಸಿನಲ್ಲಿ. ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದಲ್ಲಿರುವ ಮಿದುಳು ಸಂಶೋಧನಾ ಕೇಂದ್ರ ಕೋಲಾರ ಜಿಲ್ಲೆಯ ಶ್ರೀನಿವಾಸಪುರ ತಾಲ್ಲೂಕಿನ ಹಳ್ಳಿಗಳನ್ನು ಆರಿಸಿಕೊಂಡದ್ದು ಇದಕ್ಕಾಗಿ. ಮಾವಿಗೆ ಹೆಸರಾದ ಆ ಸೀಮೆಯಲ್ಲಿ 45 ದಾಟಿದ 10,000 ಜನರನ್ನು ವರ್ಷಗಟ್ಟಲೆ ಹಿಂಬಾಲಿಸುವ ಗುರಿ ಅದರದು. ರಕ್ತ, ವಂಶವಾಹಿ, ನೆನಪಿನ ಪರೀಕ್ಷೆಗಳ ಜೊತೆಗೆ ಎಂಆರ್‌ಐ ಕೂಡ ಇದೆ. ಶಾಲೆಯ ಮುಖ ನೋಡದವರಿಗೆ ಕಾಗದ, ಪೆನ್ಸಿಲಿನ ಪರೀಕ್ಷೆ ನಡೆಯದು. ಪ್ರಶ್ನೆಗಳನ್ನೇ ಅವರ ಬದುಕಿಗೆ ಹೊಂದಿಸಬೇಕಾಗುತ್ತದೆ. ಒಬ್ಬರೇ ಮತ್ತೆ ಮತ್ತೆ ಬಂದು ಸ್ಕ್ಯಾನ್ ಮಾಡಿಸಿಕೊಂಡರೆ ಮಾಂಟ್ರಿಯಲ್ ಮಾದರಿಯ ಹಂಗು ಬಹುಪಾಲು ತಪ್ಪುತ್ತದೆ. ಇಂದಿನ ಚಿತ್ರವನ್ನು ಅದೇ ವ್ಯಕ್ತಿಯ ಹಳೆಯ ಚಿತ್ರದ ಪಕ್ಕ ಇಟ್ಟು ಎಲ್ಲಿ ಎಷ್ಟು ಸವೆದಿದೆ ಎಂದು ನೋಡಬಹುದು.