ಔಷಧದ ಕಣಕ್ಕೆ ವಿದ್ಯುತ್ತಿನ ಕಾವಲು

ಊಟವಾದ ಮೇಲೆ ತೆಗೆದುಕೊಳ್ಳಬೇಕೆಂಬ ನಿಯಮ ಅನೇಕ ಮಾತ್ರೆಗಳಿಗುಂಟು. ಆದರೆ ಆ ಮಾತ್ರೆ ವಾಂತಿಯನ್ನು ತಡೆಯುವುದಕ್ಕಾಗಿಯೇ ಇರುವುದಾದರೆ? ಕ್ಯಾನ್ಸರಿನ ಔಷಧಗಳ ದೆಸೆಯಿಂದ ಅನ್ನದ ವಾಸನೆಯನ್ನೂ ಸಹಿಸಲಾರದ ರೋಗಿಗೆ ‘ಮೊದಲು ಉಣ್ಣಿರಿ’ ಎನ್ನುವುದು ಕ್ರೌರ್ಯವೇ ಸರಿ. ಅಪ್ರೆಪಿಟೆಂಟ್ ಎಂಬ ಔಷಧ ಈ ಪೇಚಿಗೆ ಸಿಕ್ಕಿತ್ತು. ಅದು ನೀರಿನಲ್ಲಿ ಕರಗುವುದು ಅತ್ಯಲ್ಪ. ಸಾಮಾನ್ಯ ಪುಡಿಯಾಗಿದ್ದಾಗ ಆಹಾರದೊಡನೆ ಹೋದರೆ ಮಾತ್ರ ಚೆನ್ನಾಗಿ ರಕ್ತಕ್ಕೆ ಸೇರುತ್ತಿತ್ತು. ಮಿಲಿಮೀಟರಿನ ಹತ್ತು ಸಾವಿರದಲ್ಲಿ ಒಂದೆರಡು ಭಾಗದಷ್ಟು ಸೂಕ್ಷ್ಮವಾಗಿ ಅದನ್ನು ನೀರಿನಲ್ಲಿ ಅರೆದಾಗ ಆ ಕಟ್ಟು ಕಳಚಿತು. 2003ರಲ್ಲಿ ಅಮೆರಿಕದಲ್ಲಿ ಅದರ ಮಾರಾಟಕ್ಕೆ ಅನುಮತಿ ದೊರೆಯಿತು.

ಅರೆಯುವುದಕ್ಕಿಂತ ಕಷ್ಟವಾದುದು ಅರೆದ ಕಣಗಳನ್ನು ಬಿಡಿಬಿಡಿಯಾಗಿ ಇರಿಸುವುದು. ಅಷ್ಟು ಸಣ್ಣ ಕಣಗಳು ಹತ್ತಿರ ಬಂದೊಡನೆ ಅಂಟಿಕೊಂಡು ಗಂಟಾಗುತ್ತವೆ. ಆದ್ದರಿಂದ ಸೋಡಿಯಂ ಲಾರಿಲ್ ಸಲ್ಫೇಟನ್ನು ಬೆರೆಸುವರು. ಷಾಂಪೂವಿಗೂ ಹಲ್ಲುಜ್ಜುವ ಪೇಸ್ಟಿಗೂ ನೊರೆ ತರುವ ವಸ್ತುವೇ ಇದು. ಅದರ ಅಣುವಿನ ಎಣ್ಣೆಯಂಥ ಬಾಲ ಕಣಕ್ಕೆ ಅಂಟಿಕೊಳ್ಳುತ್ತದೆ. ಋಣ ವಿದ್ಯುತ್ತುಳ್ಳ ತಲೆ ನೀರಿನ ಕಡೆಗೆ ನಿಲ್ಲುತ್ತದೆ. ಎಲ್ಲ ಕಣಗಳಿಗೂ ಒಂದೇ ಬಗೆಯ ವಿದ್ಯುತ್ತು ಬಂದುದರಿಂದ ಅವು ಒಂದನ್ನೊಂದು ದೂಡುತ್ತವೆ.

ಕಣ್ಣಿಗೆ ಕಾಣದ ಈ ಕಾವಲನ್ನು ಅಳೆಯುವ ಬಗೆ ಹೇಗೆ? ನೀರಿನಲ್ಲಿದ್ದ ಜೇಡಿಮಣ್ಣಿನ ಕಣಗಳು ವಿದ್ಯುತ್ತು ಹರಿಸಿದಾಗ ಧನ ಧ್ರುವದತ್ತ ಸಾಗುವುದನ್ನು 1809ರಲ್ಲಿಯೇ ಮಾಸ್ಕೋದಲ್ಲಿ ರಾಯ್ಸ್ ಎಂಬ ವಿಜ್ಞಾನಿ ಕಂಡಿದ್ದರು. ಇಂದಿಗೂ ಉಪಾಯ ಅದೇ. ಔಷಧದ ಕಣಗಳನ್ನು ಹಾಗೆಯೇ ಓಡಿಸಿ, ಅವುಗಳ ವೇಗವನ್ನು ಲೇಸರ್ ಬೆಳಕಿನಿಂದ ತಿಳಿದು, ‘ಜೀಟಾ ವಿಭವ’ವನ್ನು ಲೆಕ್ಕ ಹಾಕುವರು. ಧನವಾಗಲಿ ಋಣವಾಗಲಿ, ಅದು 30 ಮಿಲಿವೋಲ್ಟಿಗೆ ಮಿಗಿಲಾಗಿದ್ದರೆ ಕಣಗಳು ಗಂಟಾಗಲಾರವೆಂಬುದು ವಾಡಿಕೆಯ ಎಣಿಕೆ. ಟಾರ್ಚಿನ ಸೆಲ್ಲಿನ ಶಕ್ತಿಯಲ್ಲಿ ಐವತ್ತನೆಯ ಒಂದು ಪಾಲು, ಅಷ್ಟೆ!

ಇನ್ನೊಂದು ಅಳತೆ ಇದಕ್ಕಿಂತಲೂ ಸರಳ, ಜಾಣತನದಲ್ಲಿ ಇದಕ್ಕಿಂತಲೂ ಮೇಲು. ಬರಿಯ ನೀರಿಗೆ ಆ ನೊರೆವಸ್ತುವನ್ನು ಸ್ವಲ್ಪಸ್ವಲ್ಪವಾಗಿ ಸೇರಿಸುತ್ತ ಹೋದರೆ ನೀರಿನ ವಿದ್ಯುದ್ವಾಹಕತೆ ಒಂದೇ ಸಮನೆ ಏರುತ್ತದೆ. ಲೀಟರಿಗೆ ಸುಮಾರು 2.3 ಗ್ರಾಂ ಆದೊಡನೆ ಏರಿಕೆ ಮಂದವಾಗುತ್ತದೆ. ಮಿಕ್ಕ ಅಣುಗಳು ಗುಂಪುಗೂಡಿ ಪುಟ್ಟ ಉಂಡೆಗಳಾಗತೊಡಗಿದವೆಂದು ಅದರ ಅರ್ಥ. ನೀರಿನಲ್ಲಿ ಔಷಧದ ಕಣಗಳಿದ್ದರೆ ಈ ತಿರುವು ತಡವಾಗಿ ಬರುತ್ತದೆ. ಒಂದು ಪಾಲನ್ನು ಕಣಗಳು ತಮ್ಮ ಮೈಗೆ ಹಚ್ಚಿಕೊಂಡಿರುತ್ತವಲ್ಲವೆ? ಎಷ್ಟು ಹೆಚ್ಚಾಗಿ ಸುರಿಯಬೇಕಾಯಿತೋ ಅಷ್ಟು ಕಣಗಳ ಮೇಲಿದೆ. ಉಳಿದುದು ನೀರಿನಲ್ಲಿ ಅಲೆಯುತ್ತಿದೆ.

ಸಾಬೂನು ಹೆಚ್ಚಿದಷ್ಟೂ ಒಳ್ಳೆಯದೆಂಬ ನಮ್ಮ ಬಚ್ಚಲುಮನೆಯ ನ್ಯಾಯ ಇಲ್ಲಿ ನಡೆಯದು. ಮಿತಿಮೀರಿದರೆ ಆ ಉಂಡೆಗಳು ಔಷಧವನ್ನು ತಮ್ಮ ಒಡಲಲ್ಲಿ ಕರಗಿಸಿಕೊಂಡು ಸಣ್ಣ ಕಣಗಳಿಂದ ದೊಡ್ಡವಕ್ಕೆ ಸಾಗಿಸುತ್ತವೆ. ಸಣ್ಣವು ಸವೆದು ದೊಡ್ಡವು ಬೆಳೆದರೆ ಅರೆದ ಶ್ರಮವೆಲ್ಲ ವ್ಯರ್ಥ.

ಹಾಗೆಂದು ಜೀಟಾ ವಿಭವದ ಅಂಕಿಯೊಂದನ್ನೇ ನಂಬಿ ಕೂರುವಂತಿಲ್ಲ. ಸೆಲ್ಯುಲೋಸಿನಿಂದ ತಯಾರಿಸಿದ ಅಂಟನ್ನೂ ಜೊತೆಗೆ ಬೆರೆಸುವುದುಂಟು, ಅಪ್ರೆಪಿಟೆಂಟಿನಲ್ಲಿಯೂ ಅದಿದೆ. ಅದು ಕಣಗಳ ಸುತ್ತ ದಪ್ಪನೆಯ ಹೊದಿಕೆಯಾಗಿ, ವಿದ್ಯುತ್ತಿನ ಹಂಗಿಲ್ಲದೆ ಅವನ್ನು ದೂರವಿರಿಸುತ್ತದೆ. ಆಗ ಅಂಕಿ 30ಕ್ಕಿಂತ ಬಹಳ ಕೆಳಗಿದ್ದರೂ ದ್ರವ ಕೆಡದೆ ಇರಬಹುದು. ಆದಕಾರಣ ಸೀಸೆಗಳನ್ನು ವಾರಗಟ್ಟಲೆ ಇಟ್ಟು, ಕಣಗಳ ಗಾತ್ರವನ್ನು ಮತ್ತೆ ಮತ್ತೆ ಅಳೆಯುವ ಬೇಸರದ ಕೆಲಸವೂ ತಪ್ಪಿದ್ದಲ್ಲ.