ಅವರನ್ನೇ ಕೇಳೋಣ: ಅಂಗವೈಕಲ್ಯ ಮತ್ತು ನಮ್ಮ ನಿತ್ಯಜೀವನ

ದೇಹದ ಒಂದು ಅಂಗವಾಗಲಿ, ಇಂದ್ರಿಯವಾಗಲಿ, ಬುದ್ಧಿ ಅಥವಾ ಮನಸ್ಸಿನ ಒಂದು ಶಕ್ತಿಯಾಗಲಿ ದೀರ್ಘಕಾಲ ಕುಂದಿರುವುದನ್ನು ನಾವು ಅಂಗವೈಕಲ್ಯವೆಂದು ಕರೆಯುತ್ತೇವೆ. ವೈದ್ಯನಿಗೆ ಈ ವ್ಯಾಖ್ಯೆ ಸಾಕಾಗಬಹುದು, ಸಮಾಜಕ್ಕೆ ಸಾಲದು. ಗಾಲಿಕುರ್ಚಿಯಲ್ಲಿ ಬಂದವರನ್ನು ಸಭಾಭವನದ ಹೊರಗೇ ಉಳಿಸುವುದರಲ್ಲಿ ಅವರ ಕಾಲುಗಳ ನಿಶ್ಶಕ್ತಿಗೆ ಎಷ್ಟು ಪಾಲುಂಟೋ ಬಾಗಿಲ ಮುಂದಿನ ಮೂರು ಮೆಟ್ಟಿಲುಗಳಿಗೂ ಅಷ್ಟೇ ಪಾಲುಂಟು. ವಿಶ್ವಸಂಸ್ಥೆಯು 2006ರ ಡಿಸೆಂಬರಿನಲ್ಲಿ ಅಂಗೀಕರಿಸಿದ, ಭಾರತವು 2007ರ ಅಕ್ಟೋಬರಿನಲ್ಲಿ ಸ್ಥಿರೀಕರಿಸಿದ ಒಡಂಬಡಿಕೆಯ ತಿರುಳು ಇದೇ ಆಗಿದೆ.

ಮೆಟ್ಟಿಲುಗಳಿಗಿಂತಲೂ ಎತ್ತರವಾದ ಅಡ್ಡಿಯೊಂದಿದೆ. ಎದುರಿಗಿರುವ ವ್ಯಕ್ತಿಯನ್ನು ಬಿಟ್ಟು, ಪಕ್ಕದಲ್ಲಿರುವವರೊಡನೆ ಅವರ ವಿಚಾರವನ್ನು ಮಾತನಾಡುವ ನಮ್ಮ ರೂಢಿಯೇ ಅದು. “ಇವರ ಕಾಫಿಗೆ ಸಕ್ಕರೆ ಹಾಕಬಹುದೇ?” ಎಂದು ತಂಗಿಯನ್ನು ಕೇಳುತ್ತೇವೆ, ಕಣ್ಣು ಕಾಣದ ಅಕ್ಕ ಅಲ್ಲಿಯೇ ಕುಳಿತಿರುತ್ತಾರೆ. ಕುಂದಿರುವುದು ಕಣ್ಣಿಗೆ, ನಾವು ಕಸಿದುಕೊಳ್ಳುವುದು ಮಾತನ್ನು.

ಕಾನೂನಿನ ಆಸರೆ

1995ರ ಕಾಯಿದೆಯು ಏಳು ಬಗೆಯ ಅಂಗವೈಕಲ್ಯಗಳನ್ನು ಮಾತ್ರ ಗುರುತಿಸಿತ್ತು. ಅದರ ಸ್ಥಾನದಲ್ಲಿ ಬಂದ 2016ರ ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಕಾಯಿದೆಯು 2017ರ ಏಪ್ರಿಲಿನಲ್ಲಿ ಜಾರಿಗೆ ಬಂದು, ಇಪ್ಪತ್ತೊಂದು ಬಗೆಗಳನ್ನು ಒಪ್ಪಿಕೊಂಡಿತು. ಆಟಿಸಂ, ಥಲಸ್ಸೀಮಿಯಾ, ವೃದ್ಧರಲ್ಲಿ ಹೆಚ್ಚಾಗಿ ಕಾಣುವ ಪಾರ್ಕಿನ್ಸನ್ ರೋಗ ಇವೆಲ್ಲವೂ ಈ ಪಟ್ಟಿಯಲ್ಲಿವೆ. ಶೇಕಡಾ 40ಕ್ಕೆ ಕಡಿಮೆಯಿಲ್ಲದ ವೈಕಲ್ಯವುಳ್ಳವರಿಗೆ ಸರ್ಕಾರಿ ಉದ್ಯೋಗದಲ್ಲಿ ಶೇಕಡಾ 4ರಷ್ಟು, ಸರ್ಕಾರಿ ಹಾಗೂ ಅನುದಾನಿತ ಉನ್ನತ ಶಿಕ್ಷಣ ಸಂಸ್ಥೆಗಳಲ್ಲಿ ಶೇಕಡಾ 5ರಷ್ಟು ಸ್ಥಾನಗಳು ಮೀಸಲು. ಸಾರ್ವಜನಿಕರೆದುರು ಉದ್ದೇಶಪೂರ್ವಕವಾಗಿ ಅಂಗವಿಕಲರನ್ನು ಅವಮಾನಿಸುವುದು ಆರು ತಿಂಗಳಿಂದ ಐದು ವರ್ಷದವರೆಗೆ ಸೆರೆವಾಸ ವಿಧಿಸಬಹುದಾದ ಅಪರಾಧವಾಗಿದೆ.

ಹೊರನಾಡಿನಲ್ಲಿ ನೆಲಸಿರುವ ನಮಗೆ ಮುಖ್ಯವಾದ ಅಂಶ ಮತ್ತೊಂದಿದೆ. ಈ ಕಾಯಿದೆಯಂತೆ ಪಡೆದ ಪ್ರಮಾಣಪತ್ರವು ದೇಶದಾದ್ಯಂತ ಮಾನ್ಯ. ಹುಬ್ಬಳ್ಳಿಯಲ್ಲೋ ಮೈಸೂರಿನಲ್ಲೋ ಪಡೆದುದನ್ನು ಕೇರಳಕ್ಕೆ ಬಂದ ಮಾತ್ರಕ್ಕೆ ನಿರರ್ಥಕವೆಂದು ತಿಳಿಯಬೇಕಾಗಿಲ್ಲ. ಆಯಾ ರಾಜ್ಯದ ಯೋಜನೆಗಳಿಗೆ ಇರುವ ನಿಯಮಗಳನ್ನಾದರೋ ಬೇರೆಯಾಗಿ ವಿಚಾರಿಸಿಕೊಳ್ಳಬೇಕು.

ಕೊಚ್ಚಿಯ ದೋಣಿಯ ಪಾಠ

ಹಿನ್ನೀರಿನಲ್ಲಿ ಭರತ ಬಂದಾಗ ದೋಣಿ ಏರುತ್ತದೆ, ಇಳಿತವಾದಾಗ ತಗ್ಗುತ್ತದೆ. ಕಟ್ಟೆ ಮಾತ್ರ ಇದ್ದಲ್ಲಿಯೇ ಇರುತ್ತದೆ. ಈ ಅಂತರವನ್ನು ದಾಟಲು ಕಾಲಿನಲ್ಲಿ ಕಸುವು ಬೇಕಾಗುತ್ತಿತ್ತು. 2023ರ ಏಪ್ರಿಲಿನಲ್ಲಿ ಆರಂಭವಾದ ಕೊಚ್ಚಿ ಜಲ ಮೆಟ್ರೋದಲ್ಲಿ ನೀರಿನೊಡನೆ ತಾನೂ ಏರಿಳಿಯುವ ತೇಲುಕಟ್ಟೆಗಳನ್ನು ನಿರ್ಮಿಸಿದ್ದಾರೆ. ಕಟ್ಟೆಯೂ ದೋಣಿಯೂ ಸದಾ ಒಂದೇ ಮಟ್ಟದಲ್ಲಿರುವುದರಿಂದ ಗಾಲಿಕುರ್ಚಿ ನೇರವಾಗಿ ಒಳಗೆ ಸಾಗುತ್ತದೆ. ಮೊಣಕಾಲು ನೋವಿನ ಅಜ್ಜಿಗೂ ಮಗುವನ್ನು ಎತ್ತಿಕೊಂಡ ತಾಯಿಗೂ ಅದೇ ಕಟ್ಟೆ ಹಿತವಾಗಿದೆ. ಒಬ್ಬರ ಹಕ್ಕಿಗಾಗಿ ಮಾಡಿದ ಏರ್ಪಾಡು ಹಲವರ ಸೌಕರ್ಯವಾಗುವುದೆಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ನಿದರ್ಶನ ಬೇಕಿಲ್ಲ.

ಮನೆಮಾತನ್ನು ಬಿಡಬೇಕೆ?

ಮಗುವಿಗೆ ಮಾತು ತಡವಾದಾಗ ನಮ್ಮ ಕುಟುಂಬಗಳಲ್ಲಿ ಏಳುವ ಪ್ರಶ್ನೆ ಇದು. ಮನೆಯಲ್ಲಿ ಕನ್ನಡ, ಬೀದಿಯಲ್ಲಿ ಮಲಯಾಳ, ಶಾಲೆಯಲ್ಲಿ ಇಂಗ್ಲಿಷ್. ಇಷ್ಟು ಭಾಷೆಗಳಿಂದಲೇ ಮಗು ಗೊಂದಲಗೊಂಡಿತೆಂದು ಭಾವಿಸಿ, ಕನ್ನಡವನ್ನು ಬಿಟ್ಟುಬಿಡಿರೆಂದು ಬಂಧುಮಿತ್ರರು ಸಲಹೆಯೀಯುವುದುಂಟು. ಆಟಿಸಂ ಅಥವಾ ಡೌನ್ ಸಿಂಡ್ರೋಮ್ ಇರುವ ಮಕ್ಕಳನ್ನು ಕುರಿತು ಇತ್ತೀಚಿನ ದಶಕಗಳಲ್ಲಿ ನಡೆದ ಅಧ್ಯಯನಗಳು ಈ ಭೀತಿಯನ್ನು ಸಮರ್ಥಿಸುವುದಿಲ್ಲ. ಎರಡು ಭಾಷೆಗಳ ಪರಿಸರದಲ್ಲಿ ಬೆಳೆದ ಮಾತ್ರಕ್ಕೆ ಅಂಥ ಮಕ್ಕಳ ಮಾತು ಮತ್ತಷ್ಟು ಹಿಂದುಳಿಯುವುದಿಲ್ಲವೆಂದೇ ಅವು ತಿಳಿಸುತ್ತವೆ. ತಾಯಿಯು ತನಗೆ ಸರಾಗವಲ್ಲದ ಭಾಷೆಯಲ್ಲಿ ಮುದ್ದಿಸಲು ಹೊರಟರೆ ಮಾತೂ ಕುಗ್ಗುತ್ತದೆ, ಮುದ್ದೂ ಕುಗ್ಗುತ್ತದೆ. ಊರಿನಿಂದ ಬಂದ ಅಜ್ಜ ಅಜ್ಜಿಯರೊಡನೆ ಮಗುವಿಗೆ ನಂಟೇ ಉಳಿಯುವುದಿಲ್ಲ. ಆದುದರಿಂದ ವಾಕ್ ಚಿಕಿತ್ಸಕರಿಗೆ ಮನೆಮಾತು ಯಾವುದೆಂದು ಮೊದಲೇ ತಿಳಿಸಿ, ಅಭ್ಯಾಸಗಳನ್ನು ಕನ್ನಡದಲ್ಲಿಯೂ ನಡೆಸುವ ಬಗೆಯನ್ನು ಕೇಳಿಕೊಳ್ಳುವುದು ಒಳಿತು.

ಮಾತು ತಡವಾದಾಗ ಮೊದಲು ಪರೀಕ್ಷಿಸಬೇಕಾದುದು ಕಿವಿಯನ್ನು. ಹುಟ್ಟಿದ ಮೊದಲ ತಿಂಗಳಲ್ಲಿ ಶ್ರವಣ ತಪಾಸಣೆ, ಮೂರು ತಿಂಗಳೊಳಗೆ ರೋಗನಿರ್ಣಯ, ಆರು ತಿಂಗಳೊಳಗೆ ಚಿಕಿತ್ಸೆಯ ಆರಂಭ, ಇದು ತಜ್ಞರು ಒಪ್ಪಿದ ಕ್ರಮ. ತಿರುವನಂತಪುರದಲ್ಲಿ 1997ರಲ್ಲಿ ಸ್ಥಾಪಿತವಾದ ‘ನಿಷ್’ ಎಂಬ ವಾಕ್ ಶ್ರವಣ ಸಂಸ್ಥೆಯು ಈ ಕ್ಷೇತ್ರದಲ್ಲಿ ಹೆಸರಾಗಿದ್ದು, ಶ್ರವಣದೋಷವುಳ್ಳ ವಿದ್ಯಾರ್ಥಿಗಳಿಗೆ ಪದವಿ ಶಿಕ್ಷಣವನ್ನೂ ನೀಡುತ್ತಿದೆ. ಮಗು ಸಂಜ್ಞಾಭಾಷೆಯನ್ನು ಕಲಿಯುವುದಾದರೆ ಮನೆಮಂದಿಯೆಲ್ಲರೂ ಕಲಿಯಬೇಕು. ಊಟದ ಹೊತ್ತಿನ ಹರಟೆ ತನಗೆ ತಿಳಿಯದ ಮನೆಯಲ್ಲಿ ಮಗು ಅತಿಥಿಯಂತೆ ಬೆಳೆಯುತ್ತದೆ.

ಹದಿನೆಂಟು ತುಂಬಿದ ಮೇಲೆ

ಅಂಗವಿಕಲ ಮಗನೋ ಮಗಳೋ ಪ್ರಾಯಕ್ಕೆ ಬಂದರೂ ತಂದೆತಾಯಿಗಳ ಕಣ್ಣಿಗೆ ಮಗುವಾಗಿಯೇ ಉಳಿಯುವುದು ಸಹಜ. ಆದರೆ ಕಾನೂನಿನ ದೃಷ್ಟಿಯಲ್ಲಿ ಹದಿನೆಂಟು ತುಂಬಿದವರು ಸ್ವತಂತ್ರರು. 2016ರ ಕಾಯಿದೆಯು ಆಸ್ತಿ ಹೊಂದುವ, ಹಣಕಾಸಿನ ವ್ಯವಹಾರ ನಡೆಸುವ ಹಕ್ಕನ್ನು ಇತರರಿಗೆ ಸಮನಾಗಿ ಅವರಿಗೂ ನೀಡಿದೆ. ನೆರವು ಅಗತ್ಯವಾದಲ್ಲಿ ನೇಮಕವಾಗುವ ಸೀಮಿತ ಪಾಲಕನು ಆ ವ್ಯಕ್ತಿಯೊಡನೆ ಸಮಾಲೋಚಿಸಿಯೇ ತೀರ್ಮಾನ ಕೈಗೊಳ್ಳಬೇಕು. ಆಟಿಸಂ, ಸೆರೆಬ್ರಲ್ ಪಾಲ್ಸಿ, ಬುದ್ಧಿಮಾಂದ್ಯ ಹಾಗೂ ಬಹುವೈಕಲ್ಯವುಳ್ಳವರಿಗೆ 1999ರ ರಾಷ್ಟ್ರೀಯ ನ್ಯಾಸ ಕಾಯಿದೆಯಂತೆ ಜಿಲ್ಲೆಯ ಸ್ಥಳೀಯ ಸಮಿತಿಯ ಮೂಲಕ ಪಾಲಕರನ್ನು ಗೊತ್ತುಪಡಿಸಬಹುದು. “ನಮ್ಮ ನಂತರ ಯಾರು?” ಎಂಬ ಚಿಂತೆಯುಳ್ಳ ಹೆತ್ತವರು ಇದನ್ನು ಮುಂದೂಡಬಾರದು.

ಉಡುಪು, ಸ್ನೇಹ, ದುಡಿಮೆ, ವಿವಾಹ, ಇವುಗಳಲ್ಲಿಯೂ ಅವರ ಇಚ್ಛೆಯನ್ನು ಅವರಿಂದಲೇ ತಿಳಿಯಬೇಕು. ತಂಗಿಯನ್ನು ನೋಡಲು ವರನ ಕಡೆಯವರು ಬರುವ ದಿನ ಅಣ್ಣನನ್ನು ಒಳಕೋಣೆಯಲ್ಲಿ ಕುಳ್ಳಿರಿಸುವ ಪದ್ಧತಿ ಇನ್ನಾದರೂ ನಿಲ್ಲಬೇಕು. ಮುಚ್ಚಿಟ್ಟು ಬೆಳೆಸಿದ ಸಂಬಂಧ ತಂಗಿಗೂ ಕ್ಷೇಮಕರವಲ್ಲ.

ಕಾಸರಗೋಡಿನ ತಾಯಂದಿರು

ಕೇರಳದ ಕನ್ನಡಿಗರು ಈ ವಿಷಯವನ್ನು ದೂರದ್ದೆಂದು ಭಾವಿಸುವಂತಿಲ್ಲ. ಕಾಸರಗೋಡಿನ ಗೇರುತೋಟಗಳ ಮೇಲೆ 1970ರ ದಶಕದ ಉತ್ತರಾರ್ಧದಿಂದ 2000ದವರೆಗೆ ವಿಮಾನದ ಮೂಲಕ ಎಂಡೋಸಲ್ಫಾನ್ ಸಿಂಪಡಿಸಲಾಯಿತು. ಕನ್ನಡ, ತುಳು ಮಾತನಾಡುವ ಎಣ್ಮಕಜೆಯಂಥ ಗ್ರಾಮಗಳಲ್ಲಿ ಹಲವು ಮಕ್ಕಳು ವೈಕಲ್ಯದೊಡನೆ ಜನಿಸಿದರು. ಪಡ್ರೆಯ ವೈದ್ಯ ಡಾ. ವೈ. ಎಸ್. ಮೋಹನಕುಮಾರ್ ಮತ್ತು ಪತ್ರಕರ್ತ ಶ್ರೀ ಪಡ್ರೆಯವರು ಈ ಸಂಗತಿಯನ್ನು ಬೆಳಕಿಗೆ ತರಲು ಶ್ರಮಿಸಿದರು. ಸರ್ವೋಚ್ಚ ನ್ಯಾಯಾಲಯವು 2011ರ ಮೇ ತಿಂಗಳಲ್ಲಿ ಈ ಕೀಟನಾಶಕವನ್ನು ನಿಷೇಧಿಸಿತು. ಬಾಧಿತರಿಗೆ ತಲಾ ಐದು ಲಕ್ಷ ರೂಪಾಯಿಗಳನ್ನು ಮೂರು ತಿಂಗಳೊಳಗೆ ಕೊಡಬೇಕೆಂದು 2017ರ ಜನವರಿಯಲ್ಲಿ ಆಜ್ಞಾಪಿಸಿತು. ಹೀಗಿದ್ದರೂ 2019ರ ಜನವರಿಯ ಕೊನೆಯಲ್ಲಿ ತಾಯಂದಿರು ಮಕ್ಕಳೊಡನೆ ಐನೂರು ಕಿಲೋಮೀಟರಿಗೂ ಮಿಕ್ಕಿ ಪಯಣಿಸಿ, ತಿರುವನಂತಪುರದ ಸಚಿವಾಲಯದ ಮುಂದೆ ಸತ್ಯಾಗ್ರಹ ಹೂಡಬೇಕಾಯಿತು. ಕಾಗದದಲ್ಲಿರುವ ಹಕ್ಕು ಕೈಸೇರಲು ಜನರ ಬೆಂಬಲ ಬೇಕೆಂಬುದನ್ನು ಈ ತಾಯಂದಿರು ನಮಗೆ ತೋರಿಸಿಕೊಟ್ಟಿದ್ದಾರೆ.

ಸಂಘವು ಮಾಡಬಹುದಾದುದು

ಇದಕ್ಕೆಲ್ಲ ದೊಡ್ಡ ನಿಧಿಯೇನೂ ಬೇಡ. ಒಂದು ಅಡಿ ಎತ್ತರಕ್ಕೆ ಹನ್ನೆರಡು ಅಡಿ ಉದ್ದದ ಇಳಿಜಾರು ಹಾದಿ, ಮೂರಡಿ ಅಗಲದ ಬಾಗಿಲು, ಹಿಡಿಕೆಯುಳ್ಳ ಶೌಚಗೃಹ ಇರುವ ಸಭಾಭವನವನ್ನೇ ರಾಜ್ಯೋತ್ಸವಕ್ಕೂ ಯುಗಾದಿಗೂ ಆರಿಸಿಕೊಳ್ಳಬಹುದು. ಆಮಂತ್ರಣದಲ್ಲಿ “ಯಾವ ಅನುಕೂಲ ಬೇಕೆಂದು ತಿಳಿಸಿರಿ” ಎಂಬ ಒಂದು ಸಾಲನ್ನು ಮುದ್ರಿಸಬಹುದು. ವೇದಿಕೆಗೆ ಕರೆದು ಶಾಲು ಹೊದಿಸಿ ಕಳುಹಿಸುವುದಕ್ಕಿಂತ ಕಾರ್ಯಕಾರಿ ಸಮಿತಿಯಲ್ಲಿ ಸ್ಥಾನ ಕೊಡುವುದು ಹೆಚ್ಚಿನ ಗೌರವ. ಗದಗಿನ ವೀರೇಶ್ವರ ಪುಣ್ಯಾಶ್ರಮದಲ್ಲಿ ಅಂಧರಾದ ಪಂಚಾಕ್ಷರಿ ಗವಾಯಿಗಳೂ ಅವರ ಶಿಷ್ಯ ಪುಟ್ಟರಾಜ ಗವಾಯಿಗಳೂ ಗುರುಪೀಠದಲ್ಲಿ ಕುಳಿತು ಅಸಂಖ್ಯ ಮಕ್ಕಳಿಗೆ ಸಂಗೀತ ಕಲಿಸಿದರು. ಕಣ್ಣು ಕಾಣದವರನ್ನು ಗುರುವೆಂದು ವಂದಿಸಿದ ನಾಡು ನಮ್ಮದು. ಸಮಿತಿಯ ಸದಸ್ಯರೆಂದು ಸ್ವೀಕರಿಸುವುದು ಕಷ್ಟವೇ?

ಮುಂದಿನ ಸಮಾರಂಭದಲ್ಲಿ ಗಾಲಿಕುರ್ಚಿಯನ್ನು ತಳ್ಳಲು ಕೈಚಾಚುವ ಮುನ್ನ, “ನೆರವು ಬೇಕೇ?” ಎಂದು ಅದರಲ್ಲಿ ಕುಳಿತವರನ್ನೇ ಕೇಳೋಣ. ಉತ್ತರ ಬರಲು ತುಸು ಹೊತ್ತು ಹಿಡಿದರೆ ಕಾಯೋಣ. ಬೇಡವೆಂದರೆ ಅದನ್ನೂ ಮನ್ನಿಸಿ, ಪಕ್ಕದ ಕುರ್ಚಿಯಲ್ಲಿ ಕುಳಿತು ಕುಶಲ ಮಾತನಾಡೋಣ.