ಸೌತೆಕಾಯಿ ಕುದುರೆ, ಬದನೆಕಾಯಿ ಹಸು



ನನ್ನ ಚಿಕ್ಕಪ್ಪ ಜಪಾನ್ ದೇಶದ ಒಂದು ಕಾರ್ಖಾನೆಯಲ್ಲಿ ಕೆಲಸ ಮಾಡುತ್ತಾರೆ. ಜಪಾನ್ ಅಂದ ಕೂಡಲೇ ನಾವು ಟೋಕಿಯೋ, ಬುಲೆಟ್ ರೈಲು ಅಂತೀವಿ. ಆದರೆ ಚಿಕ್ಕಪ್ಪ ಇರುವುದು ನಗಾನೊ ಪ್ರಾಂತ್ಯದ ಒಂದು ಹಳ್ಳಿಯಲ್ಲಿ. ಸುತ್ತ ಬೆಟ್ಟ, ಕೆಳಗೆ ಭತ್ತದ ಗದ್ದೆ. ಈ ಸಲ ಊರಿಗೆ ಬಂದಾಗ ಅವರು ಹೇಳಿದ ಅಲ್ಲಿನ ಬೇಸಿಗೆಯ ಸಂಗತಿಗಳನ್ನು ಬರೆದಿದ್ದೇನೆ.

ನಮಗೆ ಬೇಸಿಗೆ ಮುಗಿದ ಮೇಲೆ ಮಳೆ. ಅಲ್ಲಿ ಉಲ್ಟಾ! ಜೂನ್‌ನಲ್ಲಿ ‘ತ್ಸುಯು’ ಎಂಬ ಮಳೆ, ಅದು ಜುಲೈನಲ್ಲಿ ನಿಂತ ಮೇಲೆ ಸೆಕೆ. ಆಗ ಮರದ ತುಂಬ ಜೀರುಂಡೆ ಕೂಗುತ್ತವೆ. ಜನ ಹುರಿದ ಬಾರ್ಲಿಯಿಂದ ಮಾಡಿದ ತಣ್ಣನೆಯ ಚಹಾ ಕುಡಿಯುತ್ತಾರೆ. ಅದಕ್ಕೆ ಹಾಲೂ ಇಲ್ಲ, ಸಕ್ಕರೆಯೂ ಇಲ್ಲ! ಸೂರಿಗೆ ಗಾಜಿನ ಚಿಕ್ಕ ಗಂಟೆ ಕಟ್ಟುತ್ತಾರೆ. ಗಾಳಿಗೆ ಅದು ಟಿಣ್ ಅಂದರೆ ಮನಸ್ಸಿಗೆ ತಂಪಂತೆ.

ಅಲ್ಲಿ ಶಾಲೆ ಶುರುವಾಗುವುದು ಏಪ್ರಿಲ್‌ನಲ್ಲಿ. ಬೇಸಿಗೆ ರಜೆ ವರ್ಷದ ನಡುವೆ ಬರುವುದರಿಂದ ಹೋಂವರ್ಕ್ ತಪ್ಪುವುದಿಲ್ಲ. ರಜೆಯಲ್ಲೂ ಎಷ್ಟೋ ಊರುಗಳಲ್ಲಿ ಮಕ್ಕಳು ಬೆಳಿಗ್ಗೆ 6.30ಕ್ಕೆ ಬಯಲಲ್ಲಿ ಸೇರಿ ರೇಡಿಯೋ ಹಾಡಿಗೆ ವ್ಯಾಯಾಮ ಮಾಡುತ್ತಾರೆ. ಈ ರೇಡಿಯೋ ವ್ಯಾಯಾಮ ಶುರುವಾದದ್ದು 1928ರಲ್ಲಿ. ಬಂದವರ ಕಾರ್ಡಿಗೆ ದಿನಾ ಒಂದು ಮುದ್ರೆ. ಆ ಹೊತ್ತಿಗೆ ನಮ್ಮಲ್ಲಿ ಬೆಳಗಿನ ಜಾವ 3 ಗಂಟೆ, ನಾವು ಗೊರಕೆ ಹೊಡೀತಿರ್ತೀವಿ!

ಬೇಸಿಗೆಯ ದೊಡ್ಡ ಹಬ್ಬ ‘ಓಬೊನ್’. ಹೆಚ್ಚಿನ ಊರುಗಳಲ್ಲಿ ಆಗಸ್ಟ್ 13ರಿಂದ 16ರವರೆಗೆ ನಡೆಯುತ್ತದೆ. ಇದು ನಮ್ಮ ಪಿತೃಪಕ್ಷದ ಹಾಗೆ. ಇದರ ಕಥೆ ನಡೆಯುವುದು ನಮ್ಮ ದೇಶದಲ್ಲೇ. ಬುದ್ಧನ ಶಿಷ್ಯ ಮೌದ್ಗಲ್ಯಾಯನನ ತಾಯಿ ಸತ್ತ ಮೇಲೆ ಪ್ರೇತಲೋಕದಲ್ಲಿ ಹಸಿವಿನಿಂದ ನರಳುತ್ತಿದ್ದಳಂತೆ. ಮಗ ಕೊಟ್ಟ ಅನ್ನ ಬಾಯಿಗೆ ಹೋಗುವ ಮೊದಲೇ ಬೆಂಕಿಯಾಯಿತು. ಬುದ್ಧ ಹೇಳಿದ ಹಾಗೆ ಅವನು ಭಿಕ್ಷುಗಳಿಗೆ ಊಟ ಹಾಕಿದ ಮೇಲೆ ಅವಳಿಗೆ ಬಿಡುಗಡೆ ಆಯಿತು.

ಹಬ್ಬಕ್ಕೆ ಸೌತೆಕಾಯಿಗೆ, ಬದನೆಕಾಯಿಗೆ ನಾಲ್ಕು ನಾಲ್ಕು ಕಡ್ಡಿ ಚುಚ್ಚಿ ಕಾಲು ಮಾಡುತ್ತಾರೆ. ಸೌತೆಕಾಯಿ ಕುದುರೆ, ಬದನೆಕಾಯಿ ಹಸು. ಹಿರಿಯರು ಬರುವಾಗ ಕುದುರೆ ಹತ್ತಿ ಬೇಗ ಬರಲಿ, ಹೋಗುವಾಗ ಹಸು ಮೇಲೆ ನಿಧಾನ ಹೋಗಲಿ ಅಂತ. ಮೊದಲ ದಿನ ಸಂಜೆ ಬಾಗಿಲಲ್ಲಿ ಚಿಕ್ಕ ಬೆಂಕಿ ಹಾಕಿ ದಾರಿ ತೋರಿಸುತ್ತಾರೆ, ಕೊನೆಯ ದಿನ ಮತ್ತೆ ಬೆಂಕಿ ಹಾಕಿ ಕಳಿಸುತ್ತಾರೆ. ರಾತ್ರಿ ಡೋಲಿನ ಸುತ್ತ ಎಲ್ಲರೂ ವೃತ್ತವಾಗಿ ಕುಣಿಯುತ್ತಾರೆ. ಹೆಜ್ಜೆ ಬಾರದವರು ಮುಂದಿನವರನ್ನು ನೋಡಿಕೊಂಡು ಕುಣಿದರೆ ಆಯಿತು. ‘ಯುಕಾತ’ ಎಂಬ ಹತ್ತಿ ನಿಲುವಂಗಿಯ ಎಡಭಾಗ ಮೇಲೆ ಬರುವ ಹಾಗೆ ಸುತ್ತಬೇಕು. ಬಲಭಾಗ ಮೇಲೆ ಬಂದರೆ ಅದು ಹೆಣಕ್ಕೆ ಉಡಿಸುವ ರೀತಿ. ಚಿಕ್ಕಪ್ಪ ಮೊದಲ ಸಲ ತಪ್ಪಾಗಿ ಸುತ್ತಿ, ಪಕ್ಕದ ಮನೆ ಅಜ್ಜಿ ಗಾಬರಿಯಿಂದ ಓಡಿ ಬಂದು ಸರಿ ಮಾಡಿದರಂತೆ!

ಆ ಹಳ್ಳಿಯಲ್ಲಿ ಹೆಚ್ಚಿನವರು ಮುದುಕರು. ಮಕ್ಕಳು ಪಟ್ಟಣ ಸೇರಿದ್ದಾರೆ. ಎಷ್ಟೋ ಮನೆಗಳಿಗೆ ಬೀಗ. ಓಬೊನ್‌ಗೆ ಮಾತ್ರ ಎಲ್ಲರೂ ಬರುತ್ತಾರೆ, ನಮ್ಮೂರ ಜಾತ್ರೆಗೆ ಬೆಂಗಳೂರಿನವರು ಬರುವ ಹಾಗೆ.

ಹೋದ ವರ್ಷ ನಮ್ಮ ಅಜ್ಜಿ ತೀರಿಕೊಂಡಾಗ ಚಿಕ್ಕಪ್ಪನಿಗೆ ಬರಲು ಆಗಲಿಲ್ಲ. ಆಮೇಲೆ ಬಂದ ಓಬೊನ್‌ನಲ್ಲಿ ಪಕ್ಕದ ಮನೆ ಅಜ್ಜಿ ಇನ್ನೊಂದು ಸೌತೆಕಾಯಿ ಕುದುರೆ ಮಾಡಿ, “ಇದು ನಿನ್ನ ತಾಯಿಗೆ” ಅಂದರಂತೆ. ಇದನ್ನು ಹೇಳುವಾಗ ಚಿಕ್ಕಪ್ಪ ಸುಮ್ಮನಾಗಿಬಿಟ್ಟರು. “ಅಜ್ಜಿಗೆ ಅಷ್ಟು ದೂರದ ದಾರಿ ಗೊತ್ತಾಗುತ್ತಾ ಚಿಕ್ಕಪ್ಪ?” ಅಂತ ಕೇಳಿದೆ. “ಅದಕ್ಕೇ ಅಲ್ವೇನೋ ಬೆಂಕಿ ಹಾಕೋದು” ಅಂದರು.

ಈ ಪಿತೃಪಕ್ಷಕ್ಕೆ ಅಜ್ಜಿಯ ಎಡೆ ಪಕ್ಕ ನಾನೂ ಒಂದು ಸೌತೆಕಾಯಿ ಕುದುರೆ ಇಡ್ತೀನಿ ಅಂದೆ. ಅಪ್ಪ ಬೈತಾರೆ ಅಂದುಕೊಂಡಿದ್ದೆ. ಅಪ್ಪ, “ಇಡು. ಬದನೆಕಾಯಿ ಹಸೂನೂ ಮರೀಬೇಡ, ನಿಧಾನಕ್ಕೆ ಹೋಗ್ಲಿ” ಅಂದರು.

– 7ನೇ ತರಗತಿ ವಿದ್ಯಾರ್ಥಿ